ಹಗ್ಗದವರ ಮನೆ ಎದ್ದ ವರ್ಷ

ನಮ್ಮ ಊರಿಗೆ ಮದುವೆಯಾಗಿ ಬರುವ ಹೆಣ್ಣುಮಕ್ಕಳು ಈಗ ಮೊದಲು ನನ್ನ ಹತ್ತಿರ ಬರುತ್ತಾರೆ. ಅತ್ತೆಯಂದಿರೇ ಕಳಿಸುತ್ತಾರೆ, ಅದೂ ಮುಖ ಊದಿಸಿಕೊಂಡು. ಬಂದವರು ಕಟ್ಟೆಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ವೈನು ಮಾಡುವುದನ್ನು ಹೇಳಿಕೊಡಿ ಎನ್ನುತ್ತಾರೆ. ನಾನು ಮೊದಲು ಅವರ ಕೈ ಹಿಡಿದು ಮೂಸುತ್ತೇನೆ. ಸೋಪಿನ ವಾಸನೆ ಬಂದರೆ ಬರೀ ಬಿಸಿನೀರಿನಲ್ಲಿ ತೊಳೆದುಕೊಂಡು ಬಾ ಎಂದು ಎಬ್ಬಿಸಿ ಕಳಿಸುತ್ತೇನೆ. ಬೆಳ್ಳುಳ್ಳಿಯ ವಾಸನೆ ಬಂದರೆ ನಾಳೆ ಬಾ ಎನ್ನುತ್ತೇನೆ. ಇಂಗಿನ ವಾಸನೆ ಬಂದರೆ ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು ಈ ಕಥೆ ಹೇಳುತ್ತೇನೆ, ಏಕೆಂದರೆ ನಾನು ಕೆಟ್ಟದ್ದೇ ಇಂಗಿನಿಂದ.

ನಾನು ಹುಟ್ಟಿ ಬೆಳೆದದ್ದು ಈ ಊರಿನಲ್ಲಲ್ಲ. ಅರ್ಧ ತಲೆ ಬೆಳ್ಳಗಾದ ಮೇಲೆ ಮದುವೆಯಾಗಿ ಇಲ್ಲಿಗೆ ಬಂದವಳು. ಅದಕ್ಕೆ ಮುಂಚೆ ಸಂತೆಯಿಂದ ಸಂತೆಗೆ ಉಪ್ಪಿನಕಾಯಿ ಮಾರುತ್ತಿದ್ದೆ. ತುಳಸವ್ವನ ಉಪ್ಪಿನಕಾಯಿ ಎಂದರೆ ಜನ ರೊಟ್ಟಿ ಕಟ್ಟಿಕೊಂಡು ಬಂದು ನನ್ನ ಅಂಗಡಿಯ ಮುಂದೆಯೇ ಬುತ್ತಿ ಬಿಚ್ಚುತ್ತಿದ್ದರು. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಹಗ್ಗ ಮಾರಲು ಬರುತ್ತಿದ್ದ ಒಬ್ಬರು ಪ್ರತಿ ಸಂತೆಗೂ ನಿಂಬೆಕಾಯಿ ಉಪ್ಪಿನಕಾಯಿ ಕೊಂಡು ಹೋಗುತ್ತಿದ್ದರು. ಒಂಟಿ ಮನುಷ್ಯ ಇಷ್ಟೊಂದು ಉಪ್ಪಿನಕಾಯಿ ಏನು ಮಾಡುತ್ತಾನೆ ಎಂದುಕೊಳ್ಳುತ್ತಿದ್ದೆ. ಒಂದು ಸಂತೆಯಲ್ಲಿ ಅವರು ಏನೂ ಕೊಳ್ಳದೆ ಸುಮ್ಮನೆ ನಿಂತರು. ನನಗೆ ಅರ್ಥವಾಯಿತು. ಅವರ ಹೆಸರು ಫಕೀರಪ್ಪ. ಗಂಡನ ಹೆಸರು ಹೇಳಬಾರದು ಎನ್ನುವವರು ಹೇಳದೆ ಇರಲಿ, ನನಗೆ ಆ ಹೆಸರು ಹೇಳುವುದೆಂದರೆ ಖುಷಿ.

ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಹುಲ್ಲಿನಲ್ಲಿ ಸುತ್ತಿ ಗಾಡಿಗೆ ಹೇರಿಕೊಂಡು ಈ ಊರಿಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಕಬ್ಬಿಣದ ಬಳೆಗಳು. ಪ್ರತಿ ಮನೆಯ ನಾಲ್ಕೂ ಮೂಲೆಗೆ ಒಂದೊಂದು ದಪ್ಪ ಬಳೆ. ಪಕ್ಕದಲ್ಲಿ ಬೇವಿನ ಮರ, ಮರದ ಬೊಡ್ಡೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆ. ಬಾಗಿಲ ಪಕ್ಕದ ಗೋಡೆಗೆ ಏಣಿ ನೇತುಹಾಕಿದ್ದರು. ಇದೇನು ಎಂದು ನಮ್ಮವರನ್ನು ಕೇಳಿದೆ.

“ದ್ರಾಕ್ಷಿ ರಸ ಉಕ್ಕಾಕ ಹತ್ತಿದ್ರ ಮನಿ ಮ್ಯಾಲ ಏಳ್ತಾವು. ಗಾಳಿಗೆ ಅತ್ಲಾಗ ಇತ್ಲಾಗ ಹೋಗಬಾರದಂತ ಕಟ್ತಾರ,” ಎಂದರು, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಹೇಳುವ ದನಿಯಲ್ಲಿ.

“ನಮ್ಮ ಮನಿ?”

ಅವರು ಎತ್ತಿನ ಬೆನ್ನು ಸವರುತ್ತ ನಿಂತರು. “ನಮ್ಮದು ಏಳೂದಿಲ್ಲ,” ಎಂದರು.

ಪ್ರತಿ ವರ್ಷ ದ್ರಾಕ್ಷಿ ಕಿತ್ತು ಮುಗಿದು ಚಳಿ ಶುರುವಾಗುವ ಹೊತ್ತಿಗೆ ಈ ಊರಿನ ಕೆರೆ ಬೀದಿಗೆ ಬರುತ್ತದೆ. ಅಬ್ಬರವಿಲ್ಲ, ಸದ್ದಿಲ್ಲ, ನೆಂಟರ ಹಾಗೆ ಬಂದು ಸ್ವಲ್ಪ ಕಾಲ ಇದ್ದು ಹೋಗುತ್ತದೆ. ಅದು ಬಿಟ್ಟು ಹೋಗುವ ಕೆಸರಿನಿಂದಲೇ ನಮ್ಮ ದ್ರಾಕ್ಷಿಗೆ ಆ ರುಚಿ, ಹಾಗಾಗಿ ಊರು ಬಿಟ್ಟು ಹೋಗುವ ಮಾತನ್ನು ಯಾರೂ ಆಡುವುದಿಲ್ಲ. ಅಷ್ಟು ಹೊತ್ತಿಗೆ ಮನೆಮನೆಯಲ್ಲೂ ಜಾಡಿಯೊಳಗಿನ ರಸ ಉಕ್ಕುತ್ತಿರುತ್ತದೆ, ಮನೆಗಳು ನೆಲ ಬಿಟ್ಟಿರುತ್ತವೆ. ಜನ ಏಣಿ ಇಳಿಬಿಟ್ಟು ದೋಣಿಯಲ್ಲಿ ಓಡಾಡುತ್ತಾರೆ. ಆಡುಗಳನ್ನು ಬುಟ್ಟಿಯಲ್ಲಿ ಕೂರಿಸಿ ಮೇಲೆಳೆದುಕೊಳ್ಳುತ್ತಾರೆ. ಹಾಲಿನವನು ಕೆಳಗಿನಿಂದ ಕೂಗಿದರೆ ಚೊಂಬು ಹಗ್ಗದಲ್ಲಿ ಇಳಿಯುತ್ತದೆ. ಹೆಣ್ಣು ಕೊಡುವವರು ಹುಡುಗನ ಮನೆ ಎಷ್ಟೆತ್ತರ ಏಳುತ್ತದೆ ಎಂದು ವಿಚಾರಿಸಿಯೇ ಮಾತಿಗೆ ಕೂರುವುದು. ರಸ ತಣ್ಣಗಾಗುತ್ತ ಬಂದ ಹಾಗೆ ಮನೆ ಮೆಲ್ಲಗೆ ಇಳಿಯುತ್ತದೆ, ಅಷ್ಟರಲ್ಲಿ ನೀರೂ ಹೋಗಿರುತ್ತದೆ. ಏಳದ ಮನೆಯವರು ಗುಡ್ಡದ ಮೇಲಿನ ಛತ್ರಕ್ಕೆ ಹಾಸಿಗೆ ಸುತ್ತಿಕೊಂಡು ಹೋಗಬೇಕು. ಅವರನ್ನು ಗುಡ್ಡದ ಮಂದಿ ಎನ್ನುತ್ತಾರೆ. ನಮ್ಮವರು ಮೊದಲ ಹೆಂಡತಿ ನೀಲವ್ವ ತೀರಿಕೊಂಡ ಮೇಲೆ ಪ್ರತಿ ವರ್ಷವೂ ಗುಡ್ಡದ ಮಂದಿಯೇ. ಊರಿನ ಎಲ್ಲ ಮನೆಗಳನ್ನು ಕಟ್ಟಿಹಾಕುವ ಹಗ್ಗ ಹೊಸೆಯುವವರು ಅವರು, ಅವರ ಮನೆಗೆ ಮಾತ್ರ ಹಗ್ಗ ಬೇಕಾಗಿರಲಿಲ್ಲ.

ಒಳಗೆ ಹೋಗಿ ನೋಡಿದರೆ ಗೋಡೆಯ ಮೇಲೆ ನೀರಿನ ಗೆರೆ, ಒಂದರ ಮೇಲೊಂದು. ಮಣ್ಣಿನ ಗೋಡೆ ಕೆಳಗೆಲ್ಲ ಉಬ್ಬಿಹೋಗಿತ್ತು. ಗೋಡೆ ಕಟ್ಟುವ ಗೌಂಡಿ ಈರಪ್ಪನನ್ನು ಕರೆಸಿದೆ. ಅವನು ಬೆರಳ ಗಂಟಿನಿಂದ ಅಲ್ಲಲ್ಲಿ ಬಡಿದು ನೋಡಿ, “ಇನ್ನೊಂದ್ಸಲ ನೀರು ಕುಡದ್ರ ಕುಂತs ಬಿಡ್ತೈತ್ರಿ ಅಕ್ಕಾರ,” ಎಂದ. ನಮ್ಮವರು ಅದನ್ನು ಮೊದಲೇ ಬಲ್ಲವರ ಹಾಗೆ ತಲೆ ಆಡಿಸಿದರು. ಹಾಸಿಗೆ, ಪಾತ್ರೆ, ನನ್ನ ಜಾಡಿಗಳು ಎಲ್ಲವನ್ನೂ ಈಗಲೇ ಗುಡ್ಡಕ್ಕೆ ಸಾಗಿಸೋಣ, ಮನೆ ಹೋದರೆ ಹೋಗಲಿ ಎಂದರು. ನನಗೆ ಸಿಟ್ಟು ಬಂತು. ಬದುಕೆಲ್ಲ ಸಂತೆಯ ತಾಡಪತ್ರಿಯ ಕೆಳಗೆ ಕಳೆದವಳು ನಾನು. ನನ್ನದು ಎನ್ನುವ ಬಾಗಿಲು ಸಿಕ್ಕಿದ್ದೇ ಮೊದಲ ಸಲ, ಅದನ್ನು ಕೆರೆಗೆ ಕೊಟ್ಟು ಛತ್ರದಲ್ಲಿ ಮಲಗಲು ನಾನು ಮದುವೆಯಾಗಿರಲಿಲ್ಲ.

“ಈ ವರ್ಷ ಮನಿ ಏಳ್ತೈತಿ,” ಎಂದೆ.

“ನಿನಗ ವೈನು ಮಾಡಾಕ ಬರ್ತದೇನು?”

“ಉಪ್ಪಿನಕಾಯಿ ಬರ್ತದ. ಜಾಡಿ ಎರಡಕ್ಕೂ ಒಂದs ಅಲ್ಲೇನು?” ಎಂದೆ. ಆ ಮಾತನ್ನು ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತದೆ.

ನಮ್ಮ ಎದುರು ಮನೆಯ ದ್ಯಾಮಕ್ಕ ಆ ಬೀದಿಗೇ ದೊಡ್ಡವಳು. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಏಳುವುದು ಅವಳ ಮನೆ, ಎಲ್ಲರಿಗಿಂತ ಎತ್ತರ ನಿಲ್ಲುವುದೂ ಅದೇ. ಒಬ್ಬರು ಹಿಚುಕಿದ ರಸ ಇನ್ನೊಬ್ಬರ ಮನೆ ಎತ್ತುವುದಿಲ್ಲ. ಹಿಂದೆ ಯಾವಳೋ ತವರಿನಿಂದ ಕದ್ದು ಜಾಡಿ ತರಿಸಿಕೊಂಡಿದ್ದಳಂತೆ, ತವರುಮನೆ ಇನ್ನೂ ಎರಡು ಮೊಳ ಮೇಲೆ ಹೋಯಿತಂತೆ, ಇವಳ ಮನೆ ಕದಲಲಿಲ್ಲವಂತೆ. ಹಾಗಾಗಿ ದ್ಯಾಮಕ್ಕ ಹೇಳಿಕೊಡಬಹುದಿತ್ತೇ ಹೊರತು ಕೈ ಹಾಕುವಂತಿರಲಿಲ್ಲ. ಅವಳು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಳು, ನಾನು ಒಳಗೆ ದ್ರಾಕ್ಷಿಯ ಬುಟ್ಟಿ ಇಟ್ಟುಕೊಂಡು ಕೂತೆ.

ನಾನು ತೊಳೆಯಲು ನೀರು ತಂದಿದ್ದು ನೋಡಿ, “ಹಣ್ಣು ತೊಳೀಬ್ಯಾಡ,” ಎಂದಳು.

“ಮ್ಯಾಲ ಬೆಳ್ಳಗ ಧೂಳ ಐತಲ್ರಿ ಅಕ್ಕಾರ.”

“ಅದು ಧೂಳಲ್ಲವ್ವಾ. ಅದರಾಗನs ಜೀವ ಇರೂದು. ಅದನ್ನ ಒರಸಿ ಹಾಕಿದ್ರ ರಸ ಯಾಕ ಉಕ್ತೈತಿ? ಕೊಳತದ್ದು ತಗಿ, ಕಾಗಿ ಕುಕ್ಕಿದ್ದು ತಗಿ, ತೊಟ್ಟು ಬಿಡಿಸು. ಉಳದದ್ದು ಹಂಗs ಹಿಚುಕು. ಒಳಕಲ್ಲಿಗೆ ಹಾಕಬ್ಯಾಡ, ಬೀಜ ಒಡದ್ರ ಕಹಿ ಆಗ್ತೈತಿ. ಕೈಲೆ ಹಿಚುಕು.”

ನಿಂಬೆಕಾಯಿಯನ್ನು ಒಂದೊಂದಾಗಿ ತೊಳೆದು, ಒರೆಸಿ, ಬಿಸಿಲಿಗೆ ಹಾಕಿ, ಮತ್ತೆ ಒರೆಸುವ ಕೈ ನನ್ನದು. ಉಪ್ಪಿನಕಾಯಿಯಲ್ಲಿ ಏನೂ ಬದುಕಬಾರದು, ಅದೇ ಅದರ ಗುಟ್ಟು. ಇಲ್ಲಿ ಬದುಕಿರುವುದನ್ನು ಸಾಕಬೇಕಿತ್ತು. ಆದರೂ ಹಲ್ಲು ಕಚ್ಚಿ ಹಿಚುಕಿದೆ. ಸಿಪ್ಪೆ, ತಿರುಳು, ರಸ ಎಲ್ಲ ಒಟ್ಟಿಗೇ ಜಾಡಿಗೆ ಹೋಗಬೇಕು, ಜಾಡಿ ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು, ಮೇಲೆ ಉಕ್ಕಲು ಜಾಗ ಬೇಕು ಎಂದಳು ದ್ಯಾಮಕ್ಕ. ಮುಚ್ಚಳ ಬಿಗಿಯಬಾರದು, ತೆಳುವಾದ ಬಟ್ಟೆ ಕಟ್ಟಬೇಕು. ಊರಿನಲ್ಲಿ ಒಬ್ಬ ಮುಚ್ಚಳಕ್ಕೆ ಅರಗು ಹಾಕಿ ಬಿಗಿದಿದ್ದನಂತೆ, ಜಾಡಿ ಸಿಡಿದು ಬರೀ ಚಾವಣಿ ಹಾರಿಹೋಗಿ ಗುಡ್ಡದ ಆಚೆ ಸಿಕ್ಕಿತಂತೆ. ಸಿಪ್ಪೆ ಮೇಲೆ ತೇಲಿ ಬಂದರೆ ಬೆಳಿಗ್ಗೆ ಸಂಜೆ ಮರದ ಸೌಟಿನಿಂದ ಒಳಗೆ ಒತ್ತಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ತಾಮ್ರ, ಹಿತ್ತಾಳೆ ಮುಟ್ಟಿಸಬಾರದು. ಗಳಿಗೆಗೊಮ್ಮೆ ಬಟ್ಟೆ ಬಿಚ್ಚಿ ಇಣುಕಬಾರದು. ಕುಡಿಯುವ ಮಾತು ಮನೆ ಇಳಿದ ಮೇಲೆ: ಮಡ್ಡಿಯೆಲ್ಲ ತಳಕ್ಕೆ ಕೂತು ರಸ ತಿಳಿಯಾದಾಗ, ಮೇಲಿನದನ್ನು ನಳಿಗೆಯಿಂದ ಇಳಿಸಿ ಬೇರೆ ಜಾಡಿಗೆ ಹಾಕಿ, ಆಮೇಲೂ ಕಾಯಬೇಕು. ಆತುರಗಾರರಿಗೆ ಹುಳಿನೀರೇ ಗತಿ.

“ಎಲ್ಲಕ್ಕಿಂತ ಮೊದಲು ಜಾಡಿ ಸ್ವಚ್ಛ ಇರಬೇಕು. ತೊಳಿ, ಕುದಿಯೂ ನೀರು ಹಾಕಿ ಮತ್ತ ತೊಳಿ,” ಎಂದು ಹೇಳಿ ದ್ಯಾಮಕ್ಕ ಎದ್ದು ಹೋದಳು. ಸ್ವಚ್ಛ ಎಂದರೆ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನನ್ನ ಜಾಡಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕುದಿಯುವ ನೀರಿನಲ್ಲಿ ತೊಳೆದೆ, ಬಿಸಿಲಿಗಿಟ್ಟೆ. ಆಮೇಲೆ ಒಲೆಯಿಂದ ಒಂದು ಕೆಂಡ ತೆಗೆದು, ಅದರ ಮೇಲೆ ಇಂಗಿನ ಚೂರು ಹಾಕಿ, ಹೊಗೆ ಏಳುತ್ತಿದ್ದಂತೆ ಜಾಡಿಯನ್ನು ಬೋರಲು ಹಾಕಿದೆ. ಉಪ್ಪಿನಕಾಯಿ ಹಾಕುವ ಯಾವ ಹೆಂಗಸೂ ಇಂಗಿನ ಹೊಗೆ ಹಿಡಿಯದ ಜಾಡಿಗೆ ಕೈ ಹಾಕುವುದಿಲ್ಲ, ಹೊಗೆ ಹಿಡಿದರೆ ಬೂಸ್ಟು ಬರುವುದಿಲ್ಲ ಎಂದು. ನನಗೆ ಅದು ಯೋಚಿಸಿ ಮಾಡುವ ಕೆಲಸವೇ ಆಗಿರಲಿಲ್ಲ. ದ್ಯಾಮಕ್ಕ ಬೇಡ ಎಂದಿರಲಿಲ್ಲ, ಏಕೆಂದರೆ ಹೀಗೆ ಮಾಡುವವರೂ ಇದ್ದಾರೆ ಎನ್ನುವುದು ಈ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಎದ್ದದ್ದು ದ್ಯಾಮಕ್ಕನ ಮನೆ. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ, ಎದುರಿಗೆ ಕಿರ್ ಎಂದು ಸದ್ದಾಯಿತು. ನೋಡಿದರೆ ಮನೆಯ ಬುಡದಲ್ಲಿ ಬೆಳಕು ಕಾಣುತ್ತಿತ್ತು, ಕೋಳಿಗಳು ಕೆಳಗಿನಿಂದ ಆಚೆಗೆ ದಾಟುತ್ತಿದ್ದವು. ನಾನು ಕಸಬರಿಗೆ ಹಿಡಿದುಕೊಂಡು ಬಾಯಿ ಬಿಟ್ಟು ನಿಂತೆ. ಆಮೇಲೆ ಒಂದೊಂದೇ ಮನೆ ಎದ್ದಿತು. ಜನ ನಮ್ಮವರ ಹತ್ತಿರ ಹಗ್ಗ ಕೊಂಡು ಕೂಗಾಡುತ್ತ, ನಗುತ್ತ ಬಿಗಿದರು. ಬೀದಿಯಲ್ಲಿ ನೆಲ ಹಿಡಿದು ಕೂತಿದ್ದು ನಮ್ಮ ಮನೆ ಒಂದೇ. ಜಾಡಿಗೆ ಕಿವಿಯಿಟ್ಟರೆ ಒಳಗೆ ಸದ್ದೇ ಇಲ್ಲ. ಸಿಪ್ಪೆ ತಳದಲ್ಲಿ ಹೆಣದಂತೆ ಬಿದ್ದಿತ್ತು. ಕೆಳಗಿನ ಬೀದಿಗೆ ನೀರು ಬಂದ ದಿನ ದ್ಯಾಮಕ್ಕ ಏಣಿ ಇಳಿದು ಬಂದು, ಬಟ್ಟೆ ಬಿಚ್ಚಿ ಮೂಸಿದವಳು ಹಿಂದಕ್ಕೆ ಸರಿದಳು.

“ತುಳಸವ್ವಾ, ಇದಕ್ಕೇನ ಹಾಕಿ ನೀ?”

“ಏನೂ ಹಾಕಿಲ್ರಿ. ಜಾಡಿಗೆ ಇಂಗಿನ ಹೊಗಿ ಹಿಡದೀನಿ ಅಷ್ಟs.”

ದ್ಯಾಮಕ್ಕ ನನ್ನನ್ನೇ ನೋಡಿದಳು. “ಯಾವ ಹುಳಾನೂ ಹುಟ್ಟಬಾರದಂತ ಹೊಗಿ ಹಾಕಿ, ಈಗ ಹುಟ್ಟಲಿಲ್ಲಂತ ಕುಂತೀಯಲ್ಲವ್ವಾ,” ಎಂದಳು. ಬೈಯುವ ದನಿಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳ ದನಿಯಲ್ಲಿ ಕನಿಕರವಿತ್ತು. ಸುದ್ದಿ ಬೀದಿಯ ಕೊನೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಮೇಲಿನ ಕಿಟಕಿಗಳಿಂದ ನಗು ಇಳಿದು ಬಂತು. “ತುಳಸವ್ವ, ಸಾರು ಆತೇನು? ಒಗ್ಗರಣಿ ಯಾವಾಗ?” ಎಂದು ಯಾರೋ ಕೂಗಿದರು. ನಾನೂ ಬಾಯಿಗೆ ಬಂದದ್ದು ಕೂಗಿದೆ. ಆದರೆ ಒಳಗೆ ಬಂದು ಕದ ಹಾಕಿಕೊಂಡು ಅತ್ತೆ. ಗೋಡೆಯ ಮೇಲಿನ ಗೆರೆಗಳು ಎದುರಿಗೇ ಇದ್ದವು, ಬಳ್ಳಿಯಲ್ಲಿ ಸಿಹಿ ಹಣ್ಣು ಮುಗಿದಿತ್ತು, ಮನೆಯನ್ನು ನನ್ನ ಕೈಯಾರೆ ನೀರಿಗೆ ಕೊಟ್ಟೆ ಎನಿಸಿತು.

ನಮ್ಮವರು ಚಹಾ ಮಾಡಿ ತಂದು ಪಕ್ಕದಲ್ಲಿ ಇಟ್ಟರು. ಆಮೇಲೆ ಮೂಲೆಯಲ್ಲಿದ್ದ ಬುಟ್ಟಿ ತೋರಿಸಿ, “ಇದೇನಿದು?” ಎಂದರು.

ಬುಟ್ಟಿಯ ತುಂಬ ಸಣ್ಣ ಹುಳಿ ದ್ರಾಕ್ಷಿ ಇತ್ತು. ಕೊಯ್ಲು ಮುಗಿದ ಮೇಲೆ ಬಳ್ಳಿಯ ತುದಿಯಲ್ಲಿ ತಡವಾಗಿ ಬಿಟ್ಟು, ಸಿಹಿಯಾಗದೆ ನಿಲ್ಲುವ ಗೊಂಚಲುಗಳನ್ನು ಈ ಊರಿನವರು ಹಕ್ಕಿಗಳಿಗೆ ಬಿಡುತ್ತಾರೆ. ಹುಳಿ ಎಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಉಪ್ಪಿನಕಾಯಿ ಹಾಕೋಣ ಎಂದು ಆ ದಿನವೇ ತೋಟದಲ್ಲಿ ಕಿತ್ತು ತಂದಿದ್ದೆ. ಇನ್ನೂ ತೊಳೆದಿರಲಿಲ್ಲ, ಉಪ್ಪು ಸೋಕಿಸಿರಲಿಲ್ಲ. ಒಂದು ಹಣ್ಣು ತೆಗೆದು ಬೆಳಕಿಗೆ ಹಿಡಿದೆ. ಮೇಲೆ ಬೆಳ್ಳನೆಯ ಪುಡಿ ಹಾಗೆಯೇ ಇತ್ತು.

ಓಡಿಹೋಗಿ ದ್ಯಾಮಕ್ಕನ ಮನೆಯ ಕೆಳಗೆ ನಿಂತು ಕೂಗಿದೆ. ಅವಳು ಕಿಟಕಿಯಿಂದ ಬಗ್ಗಿ, “ಹುಳೀ ಹಣ್ಣಿಂದ ಮನಿ ಏಳೂದಿಲ್ಲ. ಒಳಗ ಸಿಹಿ ಇದ್ರನs ಆ ಜೀವಕ್ಕ ತಿನ್ನಾಕ ಇರ್ತೈತಿ, ತಿಂದ್ರನs ಉಕ್ತೈತಿ,” ಎಂದಳು.

“ಬೆಲ್ಲ ಹಾಕಿದ್ರ?”

“ಬೆಲ್ಲಾ ಯಾರ ಹಾಕ್ಯಾರವ್ವಾ ಇಲ್ಲೀತನಕ?”

“ಯಾರೂ ಹಾಕಿಲ್ಲ ಅಂದ್ರ ಆಗೂದಿಲ್ಲ ಅಂತ ಅಲ್ಲಲ್ರಿ,” ಎಂದು ಹೇಳಿ ತಿರುಗಿದೆ. ಇಷ್ಟೂ ಸಂತೆಗಳಲ್ಲಿ ನಾನು ಮಾರಿದ್ದು ಹುಳಿಗೆ ಸಿಹಿಯನ್ನು ಹೊಂದಿಸುವ ಕೆಲಸವನ್ನೇ. ನನ್ನ ನಾಲಿಗೆಗೆ ಅದು ಗೊತ್ತು.

ಆದರೆ ಜಾಡಿ? ನನ್ನ ಜಾಡಿಗಳನ್ನು ಒಂದೊಂದಾಗಿ ಮೂಸಿದೆ. ವರ್ಷಗಟ್ಟಲೆ ಹೊಗೆ ಕುಡಿದ ಜಾಡಿಗಳು, ಎಷ್ಟು ತೊಳೆದರೂ ಇಂಗು ಬಿಡುವುದಿಲ್ಲ. ಕೆಳಗಿನ ಬೀದಿಗೆ ನೀರು ಬಂದಿರುವಾಗ ಹೊಸ ಜಾಡಿ ಮಾರುವವರು ಯಾರಿದ್ದಾರೆ? “ನೀವು ಮೊದಲು ಯಾತರಾಗ ಮಾಡ್ತಿದ್ರಿ?” ಎಂದು ನಮ್ಮವರನ್ನು ಕೇಳಿದೆ. ಹಿತ್ತಾಳೆ ಕೊಳಗದಲ್ಲಿ ಎಂದರು. ನೀಲವ್ವ ಹೋದ ಮೇಲೆ ಮೂರ್ನಾಲ್ಕು ವರ್ಷ ತಾವೇ ಮಾಡಿದರಂತೆ, ಹಗಲೆಲ್ಲ ಬಟ್ಟೆ ಬಿಚ್ಚಿ ಇಣುಕಿದರಂತೆ, ಕೊಳಗ ಹಸಿರುಗಟ್ಟಿತಂತೆ, ಮನೆ ಕದಲದೆ ಕೈಬಿಟ್ಟರಂತೆ.

“ನೀಲವ್ವಕ್ಕ ಕೊಳಗದಾಗ ಮಾಡ್ತಿದ್ದಳೇನು?”

ಅವರು ಎದ್ದು ಅಟ್ಟ ಹತ್ತಿದರು. ಇಳಿಯುವಾಗ ತೋಳಿನಲ್ಲಿ ಒಂದು ಜಾಡಿ ಇತ್ತು, ಹಳೆಯ ಸೀರೆಯಲ್ಲಿ ಸುತ್ತಿದ್ದರು. ಕಂದು ಬಣ್ಣದ, ಹೊಟ್ಟೆ ದಪ್ಪಗಿದ್ದ ಜಾಡಿ. ನನ್ನ ಮುಂದೆ ಇಟ್ಟು, ಅದರ ಮೇಲಿನ ಕೈ ತೆಗೆಯದೆ ನಿಂತರು.

“ಇದು ಇದ್ದೂ ಕೊಳಗದಾಗ ಯಾಕ ಮಾಡಿದ್ರಿ?”

“ಅಂಜಿಕಿ ಆಗ್ತಿತ್ತು ತುಳಸಿ. ಆಕಿ ಜಾಡಿಯಾಗ ಮಾಡಿನೂ ಮನಿ ಏಳದಿದ್ರ, ಆಮ್ಯಾಲ ನನ್ನ ಹತ್ರ ಏನ ಉಳೀತಿತ್ತು?”

ನನಗೆ ಹೊಟ್ಟೆಕಿಚ್ಚಾಗಬಹುದಿತ್ತು, ಆಗಲಿಲ್ಲ. ಆ ಮನುಷ್ಯನ ಮೇಲೆ ಇನ್ನಷ್ಟು ಪ್ರೀತಿ ಬಂತು, ಅದನ್ನು ಇಲ್ಲಿ ಹೇಳಲು ನನಗೇನೂ ಸಂಕೋಚವಿಲ್ಲ. “ಏಳದಿದ್ರ ನನ್ನ ತಪ್ಪು, ಆಕೀದಲ್ಲ. ಕೈ ತಗೀರಿ,” ಎಂದೆ. ಜಾಡಿಯನ್ನು ಕುದಿಯುವ ನೀರಿನಲ್ಲಿ ತೊಳೆದೆ, ಆರಿಸಿದೆ. ಕೆಂಡದ ಕಡೆ ಕೈ ಹೋಯಿತು ನೋಡಿ, ಆಗಲೂ ಹೋಯಿತು. ನಮ್ಮವರು ಇಂಗಿನ ಡಬ್ಬಿ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

ಬುಟ್ಟಿಯಲ್ಲಿದ್ದದ್ದು ಸಾಲಲಿಲ್ಲ. ಇಬ್ಬರೂ ತೋಟಕ್ಕೆ ಹೋಗಿ ಹಕ್ಕಿಗಳ ಜೊತೆ ಜಗಳವಾಡಿ ಇನ್ನಷ್ಟು ಕಿತ್ತು ತಂದೆವು. ಒಂದೇ ಪರಾತದ ಎರಡು ಕಡೆ ಕೂತು ಹಿಚುಕಿದೆವು. ಹಗ್ಗ ಹೊಸೆದ ಕೈಗಳಿಗೆ ಬೀಜ ಒಡೆಯದ ಹಾಗೆ ಹಣ್ಣು ಹಿಚುಕುವುದು ಹೇಗೆ ಎಂದು ಹೇಳಿಕೊಡಬೇಕಾಗಲಿಲ್ಲ. ಬೆಲ್ಲ ಕರಗಿಸಿ, ಸೋಸಿ, ಬೆರಳಿಗೆ ಬಿಸಿ ಹತ್ತದಷ್ಟು ಆರಿದ ಮೇಲೆ ಹಾಕಿದೆ. ಹೊಸಬರು ಇಲ್ಲಿ ಕಿವಿಗೊಡಬೇಕು: ಬಿಸಿ ಪಾಕ ಸುರಿದರೆ ಬದುಕಿರುವುದು ಸಾಯುತ್ತದೆ, ಇಂಗಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಸ್ವಲ್ಪ ಸ್ವಲ್ಪ ಹಾಕುತ್ತ, ನೆಕ್ಕಿ ನೋಡುತ್ತ, ಹುಳಿ ನಾಲಿಗೆಯ ಹಿಂದಕ್ಕೆ ಹೋಗಿ ಸಿಹಿ ಮುಂದೆ ಬಂದ ಕೂಡಲೇ ನಿಲ್ಲಿಸಿದೆ. ಚಳಿ ಬಿದ್ದಿತ್ತು. ಚಳಿಗೆ ರಸ ಮಲಗಿಬಿಡುತ್ತದೆ. ನಮ್ಮವರು ಹಗ್ಗ ಹೊಸೆಯುವ ತಮ್ಮ ಪುಂಡಿನಾರನ್ನೆಲ್ಲ ತಂದು ಜಾಡಿಯ ಸುತ್ತ ದಪ್ಪಗೆ ಸುತ್ತಿದರು, ಒಲೆಯಿಂದ ಒಂದು ಮಾರು ದೂರ ಇಟ್ಟರು.

ಆಮೇಲೆ ಕಾಯುವುದೇ ಕೆಲಸ. ನಮ್ಮವರು ಜಾಡಿಯ ಸುತ್ತ ಸುಳಿದಾಡತೊಡಗಿದರು. ಬಟ್ಟೆಯ ಗಂಟಿಗೆ ಕೈ ಹೋಗುವುದು ಕಂಡು, “ಕೈ ಖಾಲಿ ಇದ್ರ ಹಿಂಗ ಆಗೂದು. ಹಗ್ಗ ಹೊಸೀರಿ,” ಎಂದೆ.

“ಯಾರ ಮನಿಗೆ? ಎಲ್ಲಾರದೂ ಆತಲ್ಲ.”

“ನಮ್ಮ ಮನಿಗೆ.”

ಅವರು ನನ್ನ ಮುಖ ನೋಡಿದರು. ಆಮೇಲೆ ಬಾಗಿಲಲ್ಲಿ ಕೂತು ಹೊಸೆಯತೊಡಗಿದರು. ಮೇಲಿನ ಕಿಟಕಿಯವರು ನೋಡಿ ನಕ್ಕರು. “ಹಗ್ಗ ಯಾತಕ ಮಾಮಾ, ಮನಿ ಓಡಿ ಹೋದೀತಂತೇನು?” ಎಂದರು. ಅವರು ತಲೆ ಎತ್ತಲಿಲ್ಲ. ಹೊಸೆದರು, ಮತ್ತೂ ಹೊಸೆದರು. ಸುರುಳಿ ಬಾಗಿಲಿಗಡ್ಡ ಗುಡ್ಡೆಯಾಯಿತು. ನೀರು ನಮ್ಮ ಬೀದಿಗೆ ಬಂತು. ಅಂಗಳದ ರಂಗೋಲಿ ತೇಲಿ ಹೋಯಿತು. ಕೆಳಗಿನ ಮೆಟ್ಟಿಲು ಮುಳುಗಿತು.

ಮಧ್ಯಾಹ್ನ ದ್ಯಾಮಕ್ಕ ಏಣಿ ಇಳಿಬಿಟ್ಟು ಕೂಗಿದಳು: “ತುಳಸವ್ವಾ, ಹಟ ಸಾಕು. ಮ್ಯಾಲ ಬರ್ರಿ ಇಬ್ಬರೂ. ಗ್ವಾಡಿ ಬಿದ್ರ ಒಳಗ ಸಿಗತೀರಿ.” ಆ ಹೆಂಗಸಿಗೆ ನಿಜಕ್ಕೂ ಅಳು ಬಂದಿತ್ತು. ನಾನು ಹೊಸ್ತಿಲಲ್ಲಿ ನಿಂತಿದ್ದೆ, ನೀರು ಹೊಸ್ತಿಲ ಮರವನ್ನು ನೆಕ್ಕುತ್ತಿತ್ತು. ಹೋಗೋಣವೇ ಎಂದು ನಮ್ಮವರ ಕಡೆ ತಿರುಗಿದೆ. ಆಗ ಅವರು ಬೆರಳೆತ್ತಿ, “ಸುಮ್ಮನಿರು. ಕೇಳು,” ಎಂದರು.

ಒಳಗಿನಿಂದ ಟಪ್ ಎಂದು ಒಂದು ಸದ್ದು. ತಡೆದು ಇನ್ನೊಂದು. ಆಮೇಲೆ ಸಾಲಾಗಿ, ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂತೆ. ಓಡಿಹೋಗಿ ನೋಡಿದರೆ ಬಟ್ಟೆ ಬುರ್ರನೆ ಉಬ್ಬಿತ್ತು. ಬಿಚ್ಚಿದೆ, ಸಿಪ್ಪೆಯೆಲ್ಲ ಮೇಲೆದ್ದು ಜಾಡಿಯ ಕತ್ತಿನವರೆಗೆ ಬಂದಿತ್ತು. ಮರದ ಸೌಟಿನಿಂದ ಒತ್ತಿದೆ. ನೊರೆ ನುಗ್ಗಿ ಬಂದು ನನ್ನ ಮೊಣಕೈ ತೋಯಿಸಿತು. ಹಣ್ಣಿನ, ಬೆಲ್ಲದ, ಹೊಸ ಮಳೆಯ ಮಣ್ಣಿನ ವಾಸನೆ ಮುಖಕ್ಕೆ ಹೊಡೆಯಿತು. ಇಂಗಿನ ಸುಳಿವೇ ಇರಲಿಲ್ಲ. ಆಗ ಕಾಲ ಕೆಳಗಿನ ನೆಲ ನಡುಗಿತು, ತೊಲೆಗಳು ಕಿರಗುಟ್ಟಿದವು, ಮತ್ತು ಮನೆ ಎದ್ದಿತು.

ಎದ್ದಿತು, ಆದರೆ ಒಂದೇ ಕಡೆ. ನಾನೆಂಥ ಜಾಣೆ ಎಂದರೆ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಪೂರ್ವದ ಗೋಡೆಗೇ ಸಾಲಾಗಿ ಇಟ್ಟಿದ್ದೆ. ಪಶ್ಚಿಮದ ಕಡೆ ಮೇಲೇರುತ್ತಿದ್ದಂತೆ ಮನೆ ವಾಲಿತು, ಲೋಟಗಳು ಉರುಳಿದವು, ಪೂರ್ವದ ಬಾಗಿಲಿನಿಂದ ನೀರು ಒಳಗೆ ನುಗ್ಗತೊಡಗಿತು. ಉಬ್ಬಿದ ಗೋಡೆಯಿಂದ ಮಣ್ಣು ಉದುರಿತು.

“ಮಾವಿನಕಾಯಿ ಆ ಮೂಲಿಗೆ,” ಎಂದು ಕೂಗಿದೆ. “ನಿಂಬಿಕಾಯಿ ದೇವರ ಖೋಲಿಗೆ. ಮೆಣಸಿನಕಾಯಿ ಇಲ್ಲಿ ಕೊಡ್ರಿ.” ನಮ್ಮವರು ಒಂದೊಂದು ಜಾಡಿಯನ್ನೂ ಮಗುವಿನಂತೆ ಅವುಚಿಕೊಂಡು ಆ ಇಳಿಜಾರು ನೆಲದ ಮೇಲೆ ಹತ್ತಿದರು, ಜಾರಿದರು, ಮತ್ತೆ ಹತ್ತಿದರು. ನಾನು ಬೆನ್ನು ಕೊಟ್ಟು ತಳ್ಳಿದೆ. ಕೊನೆಯ ಜಾಡಿ ಮೂಲೆ ಸೇರಿದ ಕೂಡಲೇ ಮನೆ ಒಮ್ಮೆ ತೂಗಿ, ಒಳಗೆ ಬಂದಿದ್ದ ನೀರನ್ನೆಲ್ಲ ಹೊಸ್ತಿಲ ಮೇಲಿನಿಂದ ಹೊರಗೆ ಚೆಲ್ಲಿ, ಸಮನಾಗಿ ನಿಂತಿತು. ನಾನು ನೆಲದ ಮೇಲೆ ಕೂತು ನಕ್ಕೆ. ನಗುತ್ತ ಅತ್ತೆ. ಕೈಯೆಲ್ಲ ನೊರೆ, ಸೀರೆಯೆಲ್ಲ ಕೆಸರು, ಮತ್ತು ನನ್ನ ಬಾಗಿಲಿನ ಕೆಳಗೆ ಗಾಳಿ ಆಡುತ್ತಿತ್ತು.

ನಾನು ಹಾಗೆ ಕೂತಿರುವಷ್ಟರಲ್ಲಿ ನಮ್ಮವರು ಕೆಳಗಿಳಿದು, ನಾಲ್ಕೂ ಬಳೆಗೆ ಹಗ್ಗ ತೂರಿಸಿ, ಒಂದು ಕಡೆಯ ತುದಿಗಳನ್ನು ಬೇವಿನ ಮರಕ್ಕೆ ಕಟ್ಟಿ, ಏಣಿ ಹತ್ತಿ ಬಂದಿದ್ದರು. ನಾಲ್ಕರ ಇನ್ನೊಂದು ತುದಿಯನ್ನೂ ಬಾಗಿಲ ಕಂಬಕ್ಕೆ ಒಂದು ಸುತ್ತು ಹಾಕಿ, ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತರು. ಬೆಲ್ಲದ ರಸ ಸುಮ್ಮನಿರುವಂಥದ್ದಲ್ಲ, ಉಕ್ಕುತ್ತಲೇ ಇತ್ತು. ಎದುರಿಗೆ ದ್ಯಾಮಕ್ಕನ ಮನೆಯ ಮೆಟ್ಟಿಲು ಬಂತು, ಆಮೇಲೆ ಅವಳ ಹೊಸ್ತಿಲು, ಆಮೇಲೆ ಕಿಟಕಿಯಲ್ಲಿ ದ್ಯಾಮಕ್ಕನೇ ಬಂದಳು, ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ಮರೆತು. ನಾನು ಒಂದು ಸೌಟು ನೊರೆ ಎತ್ತಿ ಅವಳ ಮೂಗಿನ ಹತ್ತಿರ ಹಿಡಿದೆ.

ಮೂಸಿದಳು. “ಬೆಲ್ಲ ಎಷ್ಟ ಹಾಕಿ?” ಎಂದಳು ಮೆಲ್ಲಗೆ, ಬೇರೆ ಕಿಟಕಿಯವರಿಗೆ ಕೇಳಿಸದ ಹಾಗೆ.

“ಬರ್ರಿ ಮನಿಗೆ, ಹೇಳ್ತೀನಿ,” ಎಂದೆ. “ಏಣಿ ಉದ್ದಂದು ತರ್ರಿ.”

ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು. ಬೀದಿಯ ಕಿಟಕಿಗಳೆಲ್ಲ ತೆರೆದವು. ಹಗ್ಗದವರ ಮನಿ ಎದ್ದೈತಿ, ಹಗ್ಗದವರ ಮನಿ ಎದ್ದೈತಿ ಎನ್ನುತ್ತಿದ್ದರು, ತಟ್ಟೆ ಬಡಿಯುತ್ತಿದ್ದರು. ಸಾರು ಆಯಿತೇ ಎಂದು ಕೇಳಿದ್ದವರೂ ಬಡಿಯುತ್ತಿದ್ದರು. ನಾವು ದ್ಯಾಮಕ್ಕನ ಕಿಟಕಿ ದಾಟಿದೆವು, ಚಾವಣಿ ದಾಟಿದೆವು. ಈ ಊರಿನ ಹೆಂಚುಗಳನ್ನು ನಾನು ಮೇಲಿನಿಂದ ನೋಡಿದ್ದು ಅದೇ ಮೊದಲು. ದೂರದ ಗುಡ್ಡದಲ್ಲಿ ಛತ್ರದ ಬಾಗಿಲು ಸಣ್ಣಗೆ ಕಾಣುತ್ತಿತ್ತು. ಕೆಳಗೆ ನಮ್ಮ ಮನೆ ಇದ್ದ ಜಾಗದಲ್ಲಿ ನೀರು ನಿಂತಿತ್ತು, ಅದಕ್ಕೆ ಕುಡಿಯಲು ಗೋಡೆ ಸಿಕ್ಕಿರಲಿಲ್ಲ.

ಬೇವಿನ ಮರದ ತುದಿ ಹೊಸ್ತಿಲ ಮಟ್ಟಕ್ಕೆ ಬಂದಾಗ ನನಗೆ ಸ್ವಲ್ಪ ಅಳುಕಾಯಿತು. ಇಷ್ಟೆತ್ತರ ಯಾರ ಮನೆಯೂ ಹೋದದ್ದನ್ನು ಕೇಳಿರಲಿಲ್ಲ.

“ಸಾಕ್ರಿ,” ಎಂದೆ. “ಕಟ್ರಿ ಇನ್ನ.”

ಹಗ್ಗ ಅವರ ಅಂಗೈಯಿಂದ ಮೆಲ್ಲಗೆ ಸರಿಯುತ್ತಿತ್ತು. ಇಷ್ಟು ವರ್ಷ ಊರಿನವರ ಮನೆಗಳನ್ನು ಕೆಳಗಿನಿಂದ ನೋಡಿದ ಮನುಷ್ಯ ನನ್ನ ಕಡೆ ತಿರುಗಿ ನಕ್ಕರು, ಮತ್ತು ಕಂಬದ ಸುತ್ತನ್ನು ಇನ್ನೊಂದಿಷ್ಟು ಸಡಿಲ ಬಿಟ್ಟರು.

“ತಡಿ ತುಳಸಿ,” ಎಂದರು. “ಹಗ್ಗ ಇನ್ನೂ ಐತಿ.”